ಮೂಲೆ ಕತ್ತರಿಸಿದ ಕಾರ್ಡುಗಳು

ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಎಣಿಸುವುದು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಗಂಟಲಿನ ಕ್ಯಾನ್ಸರ್ ಆದವರಿಂದ ಪರೀಕ್ಷೆಗೆಂದು ತೆಗೆದ ಮಾಂಸದ ಚೂರುಗಳನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಪಟ್ಟಿಗಳ ಮೇಲೆ ಕೂರಿಸಿ, ಮರದ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ಆ ಪಟ್ಟಿಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಗಡ್ಡೆಯ ಅಂಚಿನಲ್ಲಿ ಒಂದು ಬಗೆಯ ಬಿಳಿ ರಕ್ತಕಣಗಳು ಎಷ್ಟು ಸೇರಿವೆ ಎಂದು ನಾನು ಎಣಿಸಿ ಬರೆಯಬೇಕಿತ್ತು. ಬಣ್ಣ ಹಾಕಿದ ಮೇಲೆ ಅವು ಸಾಸಿವೆ ಕಾಳಿನಂತೆ ದುಂಡಗೆ, ಕಡುನೀಲಿಯಾಗಿ ಕಾಣುತ್ತಿದ್ದವು. ಕೆಲವರ ಪಟ್ಟಿಯಲ್ಲಿ ಒಗ್ಗರಣೆ ಡಬ್ಬಿ ಕೈತಪ್ಪಿ ಬಿದ್ದ ಹಾಗೆ ಅಂಚಿನ ತುಂಬ ನೀಲಿ. ಕೆಲವರದರಲ್ಲಿ ಹುಡುಕಿದರೂ ಅಲ್ಲೊಂದು ಇಲ್ಲೊಂದು.

ಕೆಲಸ ಕೊಟ್ಟ ಡಾಕ್ಟರು ನಿವೃತ್ತಿಗೆ ಹತ್ತಿರ ಬಂದವರು. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿದರು.

“ಹೊಲಕ್ಕ ತುಡುಗು ದನಾ ಹೊಕ್ಕರ ಮಂದಿ ಓಡಿ ಬರತಾರಲ್ಲ, ಹಂಗ ಇವು ನೋಡವಾ. ಇಲ್ಲಿ ಗುಂಪು ಕೂಡ್ಯಾವ ಅಂದ್ರ ದನಾ ಹೊಕ್ಕದ್ದು ಮೈಗೆ ಗೊತ್ತಾಗೇದ. ಗೊತ್ತಾದವರು ಹೆಚ್ಚು ದಿನಾ ಇರತಾರೋ ಏನ್ ಎಲ್ಲಾರೂ ಒಂದೋ? ಇಷ್ಟ ನಮ್ಮ ಪ್ರಶ್ನೆ. ಉತ್ತರಾ ಮೊದಲ ಮನಸಿನ್ಯಾಗ ಇಟಗೊಂಡು ಎಣಸಬ್ಯಾಡ.”

ಪಟ್ಟಿಗಳ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ಯಾರದು ಎಂದು ಗೊತ್ತಿದ್ದರೆ ಕಣ್ಣು ಪಕ್ಷ ವಹಿಸುತ್ತದೆ ಎನ್ನುತ್ತಿದ್ದರು ಅವರು.

ಎಣಿಸುವ ಕೋಣೆ ಹಿತ್ತಲ ಕಡೆಗಿತ್ತು. ಉತ್ತರಕ್ಕೆ ಒಂದು ಕಿಟಕಿ, ಕಿಟಕಿಯ ಕೆಳಗೆ ಮೇಜು, ಬಲಗೈಗೆ ಒಂದು ಸಣ್ಣ ಎಣಿಕೆಯ ಯಂತ್ರ. ಹೆಬ್ಬೆರಳಿನಿಂದ ಒತ್ತಿದರೆ ಟಕ್ ಎಂದು ಅಂಕಿಯೊಂದು ಮುಂದಕ್ಕೆ ಸರಿಯುತ್ತಿತ್ತು. ದಿನವಿಡೀ ಅಲ್ಲಿ ಕೇಳುತ್ತಿದ್ದುದು ಅದೊಂದೇ ಸದ್ದು. ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆಂದು ಡಾಕ್ಟರು ಬಾಗಿಲಿಗೆ ಚೀಟಿ ಅಂಟಿಸಿದ್ದರು, ‘ಒಳಗೆ ಬರಬಾರದು’ ಎಂದು. ನಾನು ಮೊದಲೇ ಮಾತು ಕಡಿಮೆ ಆಡುವವಳು. ಚೀಟಿ ನನಗೆ ಅನುಕೂಲವೇ ಆಯಿತು. ಆದರೆ ಕೆಲವು ತಿಂಗಳು ಕಳೆದ ಮೇಲೆ, ಮಧ್ಯಾಹ್ನ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುವಾಗ ಒಮ್ಮೊಮ್ಮೆ ನೆನಪಾಗುತ್ತಿತ್ತು: ಬೆಳಿಗ್ಗೆ ಕಂಡಕ್ಟರನಿಗೆ ‘ಹುಬ್ಬಳ್ಳಿ ಒಂದು’ ಎಂದದ್ದು ಬಿಟ್ಟರೆ ಆ ದಿನ ಇನ್ನೂ ಬಾಯಿ ತೆರೆದಿಲ್ಲ. ಡಾಕ್ಟರೂ ವಾರಕ್ಕೊಮ್ಮೆ ಬಂದು ನನ್ನ ಪುಸ್ತಕ ನೋಡಿ, ಮೂರು ನಾಲ್ಕು ಪಟ್ಟಿಗಳನ್ನು ತಾವೇ ಮತ್ತೆ ಎಣಿಸಿ, ತಲೆಯಾಡಿಸಿ ಹೋಗುತ್ತಿದ್ದರು.

ಮನೆ ನವಲಗುಂದದಲ್ಲಿ. ನಾನು ಮತ್ತು ಅವ್ವ, ಇಬ್ಬರೇ. ನಾನು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಾಗ ಅಪ್ಪ ಜ್ವರದಿಂದ ತೀರಿಕೊಂಡಿದ್ದರು. ಸಂಜೆ ಬಸ್ಸಿಳಿದು ಓಣಿ ಹೊಕ್ಕರೆ ಬಾಜು ಮನೆಯವರು ಜಮಖಾನೆ ನೇಯುತ್ತ ಎಳೆ ಬಡಿಯುವ ಸದ್ದು ಕೇಳುತ್ತಿತ್ತು. ಜೊತೆಗೆ ಅವರ ನಗು. ನಮ್ಮ ಬಾಗಿಲು ದಾಟಿದರೆ ಸದ್ದಿಲ್ಲ. ಅವ್ವ ಕೇಳುವುದು ಒಂದೇ ಮಾತು.

“ಇವತ್ತರೆ ಎಣಸೂದು ಮುಗೀತೇನು?”

“ಇಲ್ಲ ಬೇ, ಇನ್ನೂ ಅದಾವ.”

“ಅದೇನ್ ಎಣಸ್ತಿಯೋ ನಮ್ಮವ್ವಾ. ಜ್ವಾಳದ ಕಾಳ್ ಎಣಸಿದ್ರೂ ಇಷ್ಟೊತ್ತಿಗೆ ಒಂದ್ ಚೀಲಾ ಖಾಲಿ ಆಗತಿತ್ತು.”

ನಾನು ನಗುತ್ತಿದ್ದೆ. ವಿವರಿಸಲು ಹೋಗುತ್ತಿರಲಿಲ್ಲ. ಸತ್ತಿರಬಹುದಾದವರ ಗಂಟಲಿನ ಚೂರನ್ನು ನೋಡಿ ಬಂದ ಕಣ್ಣಿನಿಂದ ಅವಳ ಮುಖ ನೋಡುತ್ತೇನೆ ಎಂದು ಹೇಳುವುದು ಹೇಗೆ?

ಎಣಿಕೆ ಒಂದು ದಿನ ಮುಗಿಯಿತು. ದಸರೆಯ ಮುಂಚೆ. ಆಗ ಡಾಕ್ಟರು ಕಪಾಟಿನಿಂದ ದೊಡ್ಡ ರಜಿಸ್ಟರು ತೆಗೆದು ನನ್ನ ಮುಂದಿಟ್ಟರು. ನಂಬರುಗಳ ಎದುರಿಗೆ ಮೊದಲ ಸಲ ಹೆಸರುಗಳು ಕಂಡವು, ಊರುಗಳು ಕಂಡವು. ಯರಗುಪ್ಪಿ, ಬಮ್ಮಿಗಟ್ಟಿ, ಅಣ್ಣಿಗೇರಿ. ದಿನಾ ಸ್ಟ್ಯಾಂಡಿನಲ್ಲಿ ಬಸ್ಸಿನ ಹಣೆಯ ಮೇಲೆ ಓದುವ ಊರುಗಳೇ. ಇಷ್ಟು ದಿನ ನಾನು ಎಣಿಸಿದ್ದು ನನ್ನ ಪಕ್ಕದ ಸೀಟಿನಲ್ಲಿ ಕೂತು ಬರಬಹುದಾದವರನ್ನು.

ಇನ್ನು ತಿಳಿಯಬೇಕಾದದ್ದು ಇವರಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂಬುದು. ಕರೆಂಟು ಕೊಡಿಸಿಕೊಂಡು ಹೋದವರು (ಕ್ಯಾನ್ಸರಿಗೆ ಕಿರಣದ ಚಿಕಿತ್ಸೆಯನ್ನು ನಮ್ಮ ಕಡೆ ಹಾಗೇ ಅನ್ನುತ್ತಾರೆ) ತಿರುಗಿ ತೋರಿಸಲು ಬರುವುದು ಕಡಿಮೆ. ಆದ್ದರಿಂದ ಜವಾಬಿ ಕಾರ್ಡು ಕಳಿಸುವುದೆಂದಾಯಿತು. ಒಂದಕ್ಕೊಂದು ಅಂಟಿದ ಜೋಡಿ ಕಾರ್ಡು: ಒಂದರಲ್ಲಿ ನಮ್ಮ ಪ್ರಶ್ನೆ, ಇನ್ನೊಂದರ ಮೇಲೆ ನಮ್ಮದೇ ವಿಳಾಸ, ಓದಿದವರು ಅದನ್ನು ಹರಿದು ಉತ್ತರ ಬರೆದು ಡಬ್ಬಿಗೆ ಹಾಕಿದರೆ ಸಾಕು.

“ಅದಾರೋ ಇಲ್ಲೋ ಅಂತ ನೇರ ಕೇಳಬ್ಯಾಡ ಮತ್ತ,” ಎಂದರು ಡಾಕ್ಟರು. “ಹ್ಯಾಂಗದೀರಿ ಅಂತ ಕೇಳು. ಮತ್ತ ಯಾರಿಗೆ ಕಣಾ ಹೆಚ್ಚು, ಯಾರಿಗೆ ಕಡಿಮಿ ಅನ್ನೂದು ಕಾರ್ಡಿನ ಮ್ಯಾಲೆ ಬರೀಬ್ಯಾಡ. ಟಪಾಲಿನವಾ ಓದತಾನ, ಊರ ಓದತದ. ಆದ್ರ ಉತ್ತರಾ ಬಂದಕೂಡ್ಲೆ ಎರಡು ಗುಂಪು ಬ್ಯಾರೆ ಆಗಬೇಕು ನೋಡು.”

ನಾನು ‘ನಿಮ್ಮ ಆರೋಗ್ಯ ಹೇಗಿದೆ? ಊಟ ಸರಿಯಾಗಿ ಇಳಿಯುತ್ತದೆಯೇ?’ ಎಂದು ದುಂಡು ಅಕ್ಷರದಲ್ಲಿ ಎಲ್ಲ ಕಾರ್ಡುಗಳನ್ನೂ ಬರೆದೆ. ಗುರುತಿನ ಬಗ್ಗೆ ಒಂದು ದಿನ ಯೋಚಿಸಿದೆ. ಬಣ್ಣದ ಚುಕ್ಕೆ ಇಟ್ಟರೆ ಇದೇನೆಂದು ಕೇಳುತ್ತಾರೆ; ನಂಬರು ಬರೆದರೆ ಅನುಮಾನ. ಕೊನೆಗೆ ಕತ್ತರಿ ತೆಗೆದುಕೊಂಡು, ಕಣ ಕಡಿಮೆ ಇದ್ದವರ ಕಾರ್ಡುಗಳನ್ನು ಮಡಿಸಿದ ಹಾಗೆಯೇ ಹಿಡಿದು, ಮೇಲಿನ ಬಲ ಮೂಲೆಯನ್ನು ಚೂರೇ ಚೂರು ಕತ್ತರಿಸಿದೆ. ಅಕ್ಷರವಿಲ್ಲ, ಅಂಕಿಯಿಲ್ಲ. ಕೈಗೆ ಬಂದ ಕೂಡಲೆ ಬೆರಳಿಗೇ ಗೊತ್ತಾಗುತ್ತದೆ. ಯಾರೂ ಓದಲಾಗದ ಗುರುತು ಎಂದು ನನಗೆ ಹೆಮ್ಮೆಯಾಯಿತು. ಡಾಕ್ಟರಿಗೆ ಕಟ್ಟು ತೋರಿಸಿದೆ. “ಶಾಣ್ಯಾಕಿ,” ಎಂದರು. ಆ ದಿನವೇ ಟಪಾಲಿಗೆ ಹೋಯಿತು.

ದೀಪಾವಳಿ ಕಳೆಯುವಷ್ಟರಲ್ಲಿ ಉತ್ತರಗಳು ಬರತೊಡಗಿದವು. ‘ಆರಾಮ ಇದ್ದಾರೆ, ರೊಟ್ಟಿ ಹಾಲಿನ್ಯಾಗ ನೆನಸಿ ಉಣ್ಣತಾರೆ.’ ‘ದನಿ ಇನ್ನೂ ಬಂದಿಲ್ಲ, ಬಾಕಿ ಛಲೋ ಅದಾರ.’ ಒಬ್ಬಾಕೆಯ ಮನೆಯವರು ‘ತೀರಿಕೊಂಡು ಆರು ತಿಂಗಳಾಯಿತು, ನೀವಾದರೂ ಕೇಳಿದಿರಿ’ ಎಂದು ಬರೆದಿದ್ದರು. ಬಂದ ಕಾರ್ಡುಗಳಿಗೆಲ್ಲ ಮೂಲೆಗಳಿದ್ದವು. ಮೂಲೆ ಕತ್ತರಿಸಿದ್ದು ಒಂದೂ ಬರಲಿಲ್ಲ. ಕಾರ್ತಿಕ ಮುಗಿದರೂ ಬರಲಿಲ್ಲ.

ಡಾಕ್ಟರು ಆ ವಾರ ಎರಡು ಸಲ ನನ್ನ ಕೋಣೆಗೆ ಬಂದರು. ಚೀಟಿ ಅಂಟಿಸಿದ ಬಾಗಿಲಲ್ಲೇ ನಿಂತು, ಹುಡುಗನಂತೆ ಕೈ ಉಜ್ಜುತ್ತ ಮಾತಾಡಿದರು.

“ನೋಡಿದೇನವಾ? ಕಣಾ ಹೆಚ್ಚಿದ್ದವರು ಮಾತಾಡ್ಯಾರ. ಕಡಿಮಿ ಇದ್ದವರು ಸುಮ್ಮನದಾರ. ಸುಮ್ಮನಿರೂದೂ ಒಂದು ಉತ್ತರನ. ಹೋದವರು ಎಲ್ಲಿಂದ ಬರೀಬೇಕು?”

ರಜಿಸ್ಟರಿನಲ್ಲಿ ಆ ಹೆಸರುಗಳ ಎದುರಿಗೆ ಪೆನ್ಸಿಲ್ಲಿನಿಂದ ಸಣ್ಣ ಗೆರೆ ಎಳೆಯಲು ಹೇಳಿದರು. ಎಳೆದೆ. ನನಗೂ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ತಿಂಗಳುಗಟ್ಟಲೆ ಒಬ್ಬಳೇ ಕೂತು ಎಣಿಸಿದ ನೀಲಿ ಕಾಳುಗಳಿಗೆ ಅರ್ಥವಿದೆ ಎಂಬ ಸಂತೋಷ. ಗೆರೆ ಎಳೆದ ಹೆಸರುಗಳಲ್ಲಿ ಮೊದಲನೆಯದು ಯರಗುಪ್ಪಿಯ ಒಬ್ಬ ಹಿರಿಯ ರೈತರದು. ಇಡೀ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಕಡಿಮೆ ಕಣಗಳು ಅವರ ಪಟ್ಟಿಯಲ್ಲಿದ್ದವು.

ಆದರೂ ಡಾಕ್ಟರು ನಿಯಮದ ಮನುಷ್ಯರು. ಒಮ್ಮೆ ನೆನಪೋಲೆ ಕಳಿಸದೆ ಏನನ್ನೂ ಶಾಯಿಯಲ್ಲಿ ಬರೆಯಬಾರದು ಎಂದರು. ಹೊಸ ಕಾರ್ಡುಗಳನ್ನು ಮನೆಗೆ ತಂದೆ. ಭಾನುವಾರ ಬೆಳಿಗ್ಗೆ ಅಂಗಳದ ಬಿಸಿಲಲ್ಲಿ ಜಮಖಾನೆ ಹಾಸಿಕೊಂಡು, ಬರೆದು ಮುಗಿಸಿ, ಕತ್ತರಿ ಹಿಡಿದು ಮೂಲೆಗಳನ್ನು ಕತ್ತರಿಸುತ್ತ ಕೂತಿದ್ದೆ. ಅವ್ವ ಮೊರದಲ್ಲಿ ಜೋಳ ಹಿಡಿದು ಹೊರಗೆ ಬಂದಳು. ನನ್ನ ಮುಂದಿದ್ದ ರಾಶಿ ನೋಡಿ ನಿಂತಳು. ಮೊರ ಕೆಳಗಿಟ್ಟಳು.

“ಯಾರ್ ಹೋದ್ರು?”

“ಯಾರೂ ಇಲ್ಲ ಬೇ. ದವಾಖಾನಿ ಕೆಲಸಾ.”

“ಮತ್ತ ಮೂಲಿ ಯಾಕ ಕತ್ತರಸಾಕತ್ತಿ?”

“ಗುರುತಿಗೆ.”

“ಗುರುತಿಗಿ!” ಅವಳ ದನಿ ಏರಿತು. “ಹಾಡಾ ಹಗಲಿ ಅಂಗಳದಾಗ ಕುಂತು ಸಾವಿನ ಕಾರ್ಡ್ ಕತ್ತರಸ್ತಿ, ಗುರುತಿಗಿ ಅಂತಿ. ಏನ್ ಕಲಿತಿಲೇ ಹದಿನೇಳು ವರ್ಷ? ಯಾರ ಮನಿಗಿ ಕಳಸ್ತಿ ಇವನ್ನ?”

ಕತ್ತರಿ ನನ್ನ ಕೈಯಲ್ಲೇ ಇತ್ತು. ಕತ್ತರಿಸಿದ ಸಣ್ಣ ಸಣ್ಣ ತ್ರಿಕೋನಗಳು ಜಮಖಾನೆಯ ಮೇಲೆ ಬಿದ್ದಿದ್ದವು.

ಗೊತ್ತಿರಲಿಲ್ಲ ಎನ್ನುವಂತಿಲ್ಲ. ನಮ್ಮ ಕಡೆ ಗೊತ್ತಿಲ್ಲದವರು ಯಾರು? ಸಾವಿನ ಸುದ್ದಿಯ ಕಾರ್ಡಿಗೆ ಮೂಲೆ ಇರುವುದಿಲ್ಲ. ಅಂಥ ಕಾರ್ಡನ್ನು ಹೊಸ್ತಿಲ ಒಳಗೆ ತರುವುದಿಲ್ಲ. ಹೊರಗೆ ನಿಂತೇ ಓದಿ, ಅಲ್ಲೇ ಹರಿದು ಹಾಕುತ್ತಾರೆ. ನನಗೇ ಅಂಥದೊಂದು ಕಾರ್ಡು ಬಂದಿತ್ತು. ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದ ಕಾಕು ಅದನ್ನು ತುದಿಬೆರಳಲ್ಲಿ ಹಿಡಿದು ದೂರದಿಂದ ನೀಡಿದಾಗಲೇ, ಓದುವ ಮುಂಚೆಯೇ, ಅಪ್ಪ ಇಲ್ಲವೆಂದು ತಿಳಿದಿತ್ತು. ಚಿಕ್ಕಪ್ಪ ಬರೆದಿದ್ದರು. ಬೇವಿನ ಗಿಡದ ಕೆಳಗೆ ನಿಂತು ಓದಿ, ರೂಢಿಯಂತೆ ಹರಿದು ಗಟಾರಕ್ಕೆ ಹಾಕಿದೆ. ಆಮೇಲೆ ಎಷ್ಟೋ ದಿನ ಅದರ ಕೊನೆಯ ಸಾಲು ಏನಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದ್ದೇನೆ. ಬಂದಿಲ್ಲ.

ಇಷ್ಟಾಗಿಯೂ ಆ ಕೋಣೆಯಲ್ಲಿ ಕತ್ತರಿ ಹಿಡಿದಾಗ ಇದು ಹೊಳೆಯಲಿಲ್ಲ. ಯಾಕೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ನವಲಗುಂದವನ್ನೂ ಕಳಚಿಟ್ಟು ಒಳಗೆ ಹೋಗುತ್ತಿದ್ದೆ ಅನಿಸುತ್ತದೆ. ಅಲ್ಲಿ ಕಾರ್ಡೆಂದರೆ ಕಾರ್ಡು, ಮೂಲೆಯೆಂದರೆ ಮೂಲೆ. ಇನ್ನೊಂದು ಕಾರಣವೂ ಇದ್ದೀತು. ಕಣ ಕಡಿಮೆ ಇದ್ದವರು ಉಳಿಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ನಿರ್ಧರಿಸಿದ್ದೆನೋ ಏನೋ. ಕೈ ಅದನ್ನೇ ಬರೆಯಿತು. ಯಾರೂ ಓದಲಾರರೆಂದು ನಾನು ನಂಬಿದ ಆ ಗುರುತು, ಇಡೀ ಕಾರ್ಡಿನಲ್ಲಿ ಅಕ್ಷರ ಬಾರದವರೂ ಓದಬಲ್ಲ ಒಂದೇ ಮಾತಾಗಿತ್ತು.

ಮರುದಿನ ಡಾಕ್ಟರಿಗೆ ಹೇಳದೆ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಯರಗುಪ್ಪಿಗೆ ಹೋದೆ. ಯಾಕೆ ಅಲ್ಲಿಗೇ ಮೊದಲು? ಎಲ್ಲರಿಗಿಂತ ಕಡಿಮೆ ಕಣಗಳಿದ್ದ ಮನುಷ್ಯ. ನನ್ನ ಗೆರೆ ನಿಜವಾಗಿದ್ದರೆ ಅಲ್ಲಿ ಆಗಿರಬೇಕು, ಸುಳ್ಳಾಗಿದ್ದರೂ ಅಲ್ಲೇ. ಹಿಂದಿನ ರಾತ್ರಿ ಅಕಾಲದಲ್ಲಿ ಮಳೆ ಬಿದ್ದಿತ್ತು. ಕಪ್ಪು ಎರೆಮಣ್ಣು ಚಪ್ಪಲಿಗೆ ಅಡಿ ಕಟ್ಟಿ, ಹೆಜ್ಜೆಗೊಮ್ಮೆ ನಿಂತು ಕಡ್ಡಿಯಿಂದ ಕೆರೆಯಬೇಕಾಗುತ್ತಿತ್ತು. ದಾರಿಯ ಎರಡೂ ಕಡೆ ಬಿಳಿಜೋಳ ಎದೆಯುದ್ದ ನಿಂತಿತ್ತು. ವಿಳಾಸ ಕೇಳಿದಾಗ ಒಬ್ಬ ಹೆಂಗಸು ನನ್ನನ್ನು ಮೇಲೆ ಕೆಳಗೆ ನೋಡಿ, “ನೀವೂ ಮಾರಿ ನೋಡಾಕ ಬಂದ್ರೇನ್ರಿ? ಅದ ನೋಡ್ರಿ, ಕಟ್ಟಿ ಇರೂ ಮನಿ,” ಎಂದಳು. ಮುಖ ನೋಡಲು ಎಂದರೆ ಇನ್ನೂ ಇದ್ದಾರೆ. ನನ್ನ ಹೆಜ್ಜೆ ಬೇಗವಾಯಿತು.

ಬಾಗಿಲಲ್ಲಿ ನಿಂತವಳು ಅವರ ಸೊಸೆ; ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಆಸ್ಪತ್ರೆಯಿಂದ ಬಂದೆ ಎಂದ ಕೂಡಲೆ ಸೆರಗು ಸೊಂಟಕ್ಕೆ ಸಿಗಿಸಿದಳು.

“ಮತ್ಯಾಕ ಬಂದ್ರಿ ಬಾಯಾರ? ಕಾರ್ಡ್ ಕಳಿಸಿದ್ದು ಸಾಲಲಿಲ್ಲೇನ್ರಿ? ಹೆಣಾ ಎತ್ತಿದ್ರೋ ಇಲ್ಲೋ ನೋಡಾಕ ಬಂದ್ರೇನು?”

“ಕಾರ್ಡಿನ್ಯಾಗ ಏನ್ ಬರದಿತ್ತು ಓದಿದ್ರೇನ್ರಿ?”

“ಓದಾಕ ಏನೈತ್ರಿ ಅದರಾಗ? ಟಪಾಲಿನವಾ ಒಳಗ ಬರಲಿಲ್ಲ, ಓಣ್ಯಾಗ ನಿಂತು ದವಾಖಾನಿಯಿಂದ ಬಂದೈತಿ ಅಂದ. ಮೂಲಿ ಇಲ್ಲ. ಹೆಸರು ನೋಡಿದ್ರ ನಮ್ಮ ಮಾವಾರ್ದ. ಮನುಷ್ಯಾ ಮುಂದ ಕುಂತಾನ, ಅಂವನ ಸಾವಿನ ಕಾರ್ಡು ಅಂವಗ ಬಂದೈತಿ! ಏಳನೇತ್ತಾ ತನಕಾ ಕಲ್ತೇನ್ರಿ ನಾನು. ಆದ್ರ ಅದನ್ನ ಓದೂ ಗುಂಡಿಗಿ ನನಗಿಲ್ಲ. ಹರದು ತಿಪ್ಪಿಗಿ ಒಗದೆ.”

ಹಾಗಾದರೆ ‘ನಿಮ್ಮ ಆರೋಗ್ಯ ಹೇಗಿದೆ’ ಎಂಬ ನನ್ನ ದುಂಡು ಅಕ್ಷರವನ್ನು ಆ ಮನೆಯಲ್ಲಿ ಯಾರೂ ಓದಿರಲಿಲ್ಲ.

ಅವರು ಪಡಸಾಲೆಯಲ್ಲಿ, ಹೊರಬಾಗಿಲಿಗೆ ಹತ್ತಿರ ಹಾಸಿದ ಕೌದಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹೊರಗೆ ಒಯ್ಯಲು ಸುಲಭವಾಗಲಿ ಎಂದು ತಾವೇ ಅಲ್ಲಿ ಹಾಸಿಸಿಕೊಂಡಿದ್ದರಂತೆ. ಗಂಟಲ ಕುಳಿಯಲ್ಲಿ ಉಸಿರಾಟಕ್ಕೆಂದು ಕೂರಿಸಿದ ಲೋಹದ ನಳಿಗೆ; ಅದರ ಬಾಯಿಗೆ ಒಣಗಿದ ಕಫ ಕಟ್ಟಿತ್ತು. ಉಸಿರು ಎಳೆದಾಗ ಸಣ್ಣಗೆ ಸಿಳ್ಳೆಯಂತೆ ಸದ್ದು. ಆ ನಳಿಗೆಯ ಒಳಗಿನ ಕೊಳವೆಯನ್ನು ದಿನಾ ತೆಗೆದು ಕುದಿಸಿ ತೊಳೆಯಬೇಕು. ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡರೆ ಮನುಷ್ಯ ಉಳಿಯುವುದಿಲ್ಲ. ನಾನು ಡಾಕ್ಟರಲ್ಲ, ಆದರೆ ಇಷ್ಟು ಗೊತ್ತಿತ್ತು.

“ಯಾಕ್ರಿ, ಇದನ್ನ ತೊಳದಿಲ್ಲಲ್ಲ?” ಎಂದೆ ಸೊಸೆಗೆ.

“ಬ್ಯಾಡ ಅಂತಾರ್ರಿ. ಕಾರ್ಡ್ ಬಂದಾಗಿಂದ ಮುಟ್ಟಗೊಡಂಗಿಲ್ಲ. ಗಂಜಿ ಕೊಟ್ರ ಎರಡ್ ಗುಟುಕ ಕುಡದು ಬಾಜೂಕ ಇಡತಾರ. ಎತ್ತಿನ ಬಾರಕೋಲು ಮಗನ ಕೈಯಾಗ ಕೊಟ್ರು. ಬೀಗರು ಬಿಜ್ಜರು ಎಲ್ಲಾ ಬಂದು ಮಾರಿ ನೋಡಿ ಹೋದ್ರು. ಇನ್ನ ಸಾಯೂದೊಂದ ಬಾಕಿ.” ಕೊನೆಯ ಮಾತನ್ನು ಅವರಿಗೆ ಕೇಳುವಂತೆಯೇ ಅಂದಳು, ಕಣ್ಣು ತುಂಬಿತ್ತು.

ಅವರು ನನ್ನನ್ನು ನೋಡುತ್ತಿದ್ದರು. ನಾನು ಕೌದಿಯ ಅಂಚಿನ ಬಳಿ ನೆಲಕ್ಕೆ ಕೂತೆ. ಬಸ್ಸಿನಲ್ಲಿ ಬರುವಾಗ ಒಂದು ಸುಳ್ಳನ್ನು ಸಿದ್ಧ ಮಾಡಿಕೊಂಡಿದ್ದೆ: ಟಪಾಲಿನಲ್ಲಿ ಹರಿದಿರಬೇಕು ಎಂದು. ಅವರ ಮುಖ ನೋಡಿದ ಮೇಲೆ ಅದು ಬಾಯಿಗೆ ಬರಲಿಲ್ಲ.

“ಅಜ್ಜಾರ, ಆ ಮೂಲಿ ಕತ್ತರಿಸಿದಾಕಿ ನಾನ.”

ಅವರು ಬೆರಳನ್ನು ನಳಿಗೆಯ ಬಾಯಿಗೆ ಒತ್ತಿದರು. ಹಾಗೆ ಒತ್ತಿದರೆ ಮಾತ್ರ ದನಿ. ಗರಗಸ ಎಳೆದಂಥ ದನಿ, ಎರಡು ಮೂರು ಶಬ್ದಕ್ಕೊಮ್ಮೆ ನಿಲ್ಲುತ್ತಿತ್ತು.

“ಯಾಕ... ಯವ್ವಾ?”

ಹೇಳಿದೆ. ಇಷ್ಟು ತಿಂಗಳಲ್ಲಿ ನಾನು ಏನು ಮಾಡುತ್ತೇನೆಂದು ಯಾರಿಗಾದರೂ ಪೂರ್ತಿಯಾಗಿ ಹೇಳಿದ್ದು ಅದೇ ಮೊದಲು. ಅವರ ಗಂಟಲಿನ ಚೂರು, ನೀಲಿ ಕಾಳು, ತುಡುಗು ದನ, ಓಡಿ ಬರುವ ಮಂದಿ. ಕೆಲವರಲ್ಲಿ ಮಂದಿ ಬಹಳ ಬರುತ್ತಾರೆ, ಕೆಲವರಲ್ಲಿ ಕಡಿಮೆ. ಕಡಿಮೆ ಬಂದವರ ಕಾರ್ಡಿನ ಮೂಲೆ ಕತ್ತರಿಸಿದೆ, ಬೇರೆ ಮಾಡಲಿಕ್ಕೆ.

“ಕಡಿಮಿ ಇದ್ದಾವ್ರು... ಸಾಯ್ತಾರೇನು?”

“ಗೊತ್ತಿಲ್ರಿ. ಖರೇನ ಗೊತ್ತಿಲ್ಲ. ಅದನ್ನ ತಿಳಕೊಳ್ಳಾಕನ ನಿಮಗ ಹ್ಯಾಂಗದೀರಿ ಅಂತ ಕೇಳಿದ್ವಿ.”

ಅವರ ಎದೆ ಅಲುಗಿತು. ನಳಿಗೆಯಿಂದ ಫುಸ್ ಫುಸ್ ಎಂದು ಗಾಳಿ ಬಂತು. ಉಸಿರು ಸಿಕ್ಕಿಕೊಂಡಿತೆಂದು ನಾನು ಗಾಬರಿಯಾದೆ. ಸೊಸೆ, “ನಗಾಕತ್ಯಾರ್ರಿ,” ಎಂದಳು.

“ಇದ್ದೇನೇನು ಅಂತ ಕೇಳಾಕ...” ಅವರು ಮತ್ತೆ ಬೆರಳೊತ್ತಿದರು, “ಸತ್ತಿ ಅಂತ... ಕಾರ್ಡ್ ಹಾಕೀರಿ! ಭಾರೀ ಶಾಣ್ಯಾರು... ನಿಮ್ಮ ದವಾಖಾನ್ಯಾಗ.”

ಮತ್ತೆ ಉಸಿರು ಎಳೆದುಕೊಂಡು ಕೇಳಿದರು.

“ನನ್ನವು... ಎಷ್ಟದಾವ?”

“ಕಡಿಮಿ ಅದಾವ್ರಿ.”

“ಕಡಿಮಿ ಅಂದ್ರ... ಇಲ್ಲಂತಲ್ಲ?”

“ಅಲ್ರಿ. ಅದಾವ. ನಾನ ಎಣಿಸೇನಿ.”

ಹೊರಗೆ ಕಟ್ಟಿದ ಎತ್ತೊಂದು ಕೊರಳು ಅಲ್ಲಾಡಿಸಿದ ಸದ್ದಾಯಿತು. ಅವರು ಎರಡು ಬೆರಳಿನಿಂದ ಚಿಟಿಕೆ ಹೊಡೆದರು, ಎತ್ತು ಸುಮ್ಮನಾಯಿತು. ದನಿ ಹೋದ ಮೇಲೆ ಎತ್ತುಗಳಿಗೆ ಚಿಟಿಕೆಯ ಭಾಷೆ ಕಲಿಸಿದ್ದರಂತೆ.

“ಬೀಜಾ ಕಡಿಮಿ ಆದ್ರ... ಬಿತ್ತೂದು ಬಿಡ್ತಾರೇನು? ಅಗಲ್ ಅಗಲ್... ಬಿತ್ತತಾರ.” ಆಮೇಲೆ ಸೊಸೆಯ ಕಡೆ ತಿರುಗಿ ನಳಿಗೆಯನ್ನು ತಟ್ಟಿ ತೋರಿಸಿದರು. ಅವಳು ಒಳಗೆ ಓಡಿ ಒಲೆಯ ಮೇಲೆ ನೀರಿಟ್ಟಳು.

ನೀರು ಕುದಿಯುವವರೆಗೆ ಅವರು ನನ್ನನ್ನು ಕೇಳಿದರು, ಅಲ್ಲಿ ಎಷ್ಟು ಮಂದಿ ಕೂತು ಎಣಿಸುತ್ತೀರಿ ಎಂದು.

“ನಾ ಒಬ್ಬಾಕಿನ್ರಿ.”

“ಮಾತಿಗಿ?”

“ಯಾರೂ ಇಲ್ರಿ. ಮಾತಾಡಿದ್ರ ಲೆಕ್ಕಾ ತಪ್ಪತೈತಿ.”

ಅವರು ತಮ್ಮ ಗಂಟಲನ್ನು ಮುಟ್ಟಿಕೊಂಡು, ಆಮೇಲೆ ನನ್ನ ಕಡೆ ಬೆರಳು ತೋರಿಸಿ, ತಲೆಯಾಡಿಸಿದರು. ನಾವಿಬ್ಬರೂ ಒಂದೇ ಎನ್ನುವ ಹಾಗೆ. ಚೀಲದಿಂದ ಹೊಸ ಜವಾಬಿ ಕಾರ್ಡೊಂದನ್ನು ತೆಗೆದು ಅವರ ಮುಂದೆ ಹಿಡಿದೆ.

“ಎಣಸೂ ಕೆಲಸಾ ಮಾಡಾಕಿ... ಮೂಲಿ ಎಣಸು,” ಎಂದರು.

ನಾನು ಬೆರಳಿಟ್ಟು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಅವರು ಕಾರ್ಡು ಇಸಿದುಕೊಂಡು ತಾವೂ ಬೆರಳಾಡಿಸಿ ನೋಡಿ ಸೊಸೆಗೆ ಕೊಟ್ಟರು. ಅವಳು ಒದ್ದೆ ಕೈ ಒರೆಸಿಕೊಂಡು ಅವರು ಹೇಳಿದಂತೆ ಬರೆದಳು: ‘ಅದೇನಿ.’ ಇದ್ದೇನೆ, ಅಷ್ಟೇ. ಆ ಉತ್ತರವನ್ನು ಟಪಾಲಿಗೆ ಹಾಕದೆ ನಾನೇ ಒಯ್ದೆ.

ಡಾಕ್ಟರ ಮುಂದೆ ಕಾರ್ಡಿಟ್ಟು ನಡೆದದ್ದನ್ನು ಹೇಳಿದಾಗ ಅವರು ಮೊದಲು ನಕ್ಕರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನನ್ನ ಕಣ್ಣ ಮುಂದನ ಕಟ್ಟು ಹಿಡದಿದ್ದೆಲ್ಲವಾ ನೀನು. ಶಾಣ್ಯಾಕಿ ಅಂದೆ ನಾನು. ನನ್ನ ತಾಯಿ ಹೋದಾಗ ಕಾರ್ಡ್ ನಾನ ಕತ್ತರಿಸಿ ಹಾಕೇನಿ ಊರೂರಿಗೆ.” ರಜಿಸ್ಟರನ್ನು ನನ್ನ ಕಡೆ ಸರಿಸಿ, “ಗೆರಿ ಎಲ್ಲಾ ಅಳಸು,” ಎಂದರು.

ಅಳಿಸಿದೆ. ಆ ಚಳಿಗಾಲವಿಡೀ ಕತ್ತರಿಸಿದ ಕಾರ್ಡು ಹೋದ ಮನೆಗಳಿಗೆ ಒಂದೊಂದಾಗಿ ಹೋದೆ. ಬಮ್ಮಿಗಟ್ಟಿಯಲ್ಲಿ ಒಬ್ಬರು ಕಾರ್ಡು ಬರುವ ಮುಂಚೆಯೇ ತೀರಿದ್ದರು. ಅವರ ಹೆಂಡತಿ, “ಹೋದಾವ್ರಿಗಿ ಮತ್ತೊಂದ್ ಸಾವಿನ ಕಾರ್ಡ್ ಬಂತಲ್ಲ ಅಂತ ಅತ್ತೇನ್ರಿ,” ಎಂದರು. ಅಣ್ಣಿಗೇರಿಯ ಒಂದು ಮನೆಯಲ್ಲಿ ಬಾಗಿಲು ತೆರೆಯಲಿಲ್ಲ. ಇನ್ನೊಂದೆಡೆ ಮನುಷ್ಯ ಸಂತೆಗೆ ಹೋಗಿದ್ದ. ಎಲ್ಲ ಮನೆಗಳಲ್ಲೂ ಮೂಲೆ ನಾನೇ ಕತ್ತರಿಸಿದ್ದೆಂದು ಹೇಳಿದೆ. ಕೆಲವರು ಬೈದರು. ಬೈಸಿಕೊಳ್ಳುವುದು ಎಣಿಸುವುದಕ್ಕಿಂತ ಸುಲಭವೆನಿಸಿತು. ಎದುರಿಗೆ ಒಬ್ಬರು ಮನುಷ್ಯರಾದರೂ ಇರುತ್ತಿದ್ದರು. ಕಣ ಕಡಿಮೆ ಇದ್ದವರಲ್ಲಿ ಹೋದವರೇ ಹೆಚ್ಚು ಎಂಬುದು ಕೊನೆಗೂ ಸುಳ್ಳಾಗಲಿಲ್ಲ. ಆದರೆ ಕಾರ್ಡುಗಳು ಸುಮ್ಮನಿದ್ದಾಗ ನಾವು ನಂಬಿದಷ್ಟು ನಿಜವೂ ಆಗಲಿಲ್ಲ.

ಯರಗುಪ್ಪಿಯ ಅಜ್ಜಾರನ್ನು ನಾನು ಮತ್ತೆ ನೋಡಲಿಲ್ಲ. ಡಾಕ್ಟರ ಕಡೆ ತೋರಿಸಲು ಬಂದು ಹೋದರೆಂದು ಒಮ್ಮೆ ತಿಳಿಯಿತು. ಆ ದಿನ ನಾನು ಬೇರೆ ಊರಿಗೆ ಹೋಗಿದ್ದೆ. ಆದರೆ ಮೂರು ತಿಂಗಳಿಗೊಮ್ಮೆ ನಾನು ಜವಾಬಿ ಕಾರ್ಡು ಕಳಿಸುತ್ತಿದ್ದೆ, ಬರೆದ ಮೇಲೆ ಮೂಲೆಗಳನ್ನು ಎಣಿಸಿ. ಸೊಸೆಯ ಅಕ್ಷರದಲ್ಲಿ ಉತ್ತರ ಬರುತ್ತಿತ್ತು. ‘ಅದೇನಿ.’ ಒಮ್ಮೆ ‘ಅದೇನಿ. ಕಡಲಿ ಛಲೋ ಬಂದೈತಿ.’ ಇನ್ನೊಮ್ಮೆ ‘ಅದೇನಿ. ನಿನಗ ಮಾತಿಗಿ ಯಾರರೆ ಸಿಕ್ಕರೇನು?’ ಆ ಕಾರ್ಡನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡೆ.

ಎಲ್ಲರಿಗಿಂತ ಕಡಿಮೆ ಕಣಗಳಿದ್ದ ಆ ಮನುಷ್ಯ ಆಮೇಲೆ ಎರಡು ಸುಗ್ಗಿ ಕಂಡರು. ಕಣ ಹೆಚ್ಚಿದ್ದ ಕೆಲವರು ಅಷ್ಟು ಕಾಣಲಿಲ್ಲ. ಒಬ್ಬರಿಂದ ಏನೂ ಸಾಬೀತಾಗುವುದಿಲ್ಲ; ಇದು ನನಗೆ ಗೊತ್ತು.

ಎರಡನೆಯ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಯರಗುಪ್ಪಿಯ ಕಾರ್ಡು ಬಂತು. ನಾನು ಕಳಿಸಿದ್ದಲ್ಲ, ಅವರೇ ಕೊಂಡು ಬರೆದದ್ದು. ಕೈಗೆ ತೆಗೆದುಕೊಂಡಾಗ ಮೂಲೆಗಳೆಲ್ಲ ಇದ್ದವು. ಕಡಲೆ ಹೇಗೆ ಬಂದಿದೆಯೋ ನೋಡೋಣವೆಂದು ರೊಟ್ಟಿ ಮುರಿಯುತ್ತಲೇ ಓದತೊಡಗಿದೆ.

‘ಬಾಯಾರಿಗೆ ನಮಸ್ಕಾರ. ನಮ್ಮ ಮಾವನವರು ಹೋದ ಸೋಮವಾರ ಮುಂಜಾನೆ ತೀರಿಕೊಂಡರು. ತ್ರಾಸ ಆಗಲಿಲ್ಲ. ದವಾಖಾನಿ ಕಾರ್ಡಿನ ಮೂಲಿ ಕತ್ತರಿಸಬ್ಯಾಡ್ರಿ, ಆ ಹುಡುಗಿ ಒಬ್ಬಾಕಿನ ಕುಂತು ಓದತಾಳ, ಅಂಜತಾಳ ಅಂತ ಮೊದಲ ಹೇಳಿ ಇಟ್ಟಿದ್ದರು. ಅದಕ್ಕ ಕತ್ತರಿಸಿಲ್ಲ.’

ಡಬ್ಬಿ ಮುಚ್ಚಿ ಕೈ ತೊಳೆದುಕೊಂಡು ಬಂದೆ. ರಜಿಸ್ಟರು ತೆಗೆದು ಆ ಹೆಸರಿನ ಎದುರಿಗೆ, ನಾನು ಒಮ್ಮೆ ಗೆರೆ ಎಳೆದು ಅಳಿಸಿದ ಜಾಗದಲ್ಲಿ, ಶಾಯಿಯಿಂದ ದಿನಾಂಕ ಬರೆದೆ. ಆಮೇಲೆ ಕಾರ್ಡು ಹಿಡಿದು ರೂಢಿಯಂತೆ ಹೊರಗೆ ಹೋಗಿ ಗೋಡೆಯ ಬಳಿ ನಿಂತೆ. ಹರಿಯುವ ಮುಂಚೆ ಬೆರಳಿಟ್ಟು ಎಣಿಸಿದೆ. ನಾಲ್ಕೂ ಇದ್ದವು.

ಮೂಲೆ ಇರುವ ಕಾರ್ಡನ್ನು ಹರಿಯುವ ಪದ್ಧತಿ ನಮ್ಮಲ್ಲಿಲ್ಲ. ಒಳಗೆ ತಂದಿಟ್ಟುಕೊಂಡೆ.